ಮಾವನವರು ಹುಡುಕಿದ ಗಡಿ

ನಮ್ಮ ಮಾವನವರು, ಅಂದರೆ ನನ್ನ ಹೆಂಡತಿಯ ತಂದೆ, ವಿಜಯನಗರ ಬಡಾವಣೆಯಲ್ಲಿ ನಮ್ಮ ಜೊತೆ ವರ್ಷಗಟ್ಟಲೆ ವಾಸವಾಗಿದ್ದರು. ಆದರೆ ವಿಜಯನಗರ ಎಂಬ ಊರೊಂದು ಇದೆಯೆಂದು ಅವರು ಒಪ್ಪಿಕೊಂಡಿರಲಿಲ್ಲ!

ತಮಾಷೆಯಲ್ಲ. ಬೆಳಿಗ್ಗೆ ಎದ್ದು ವಿಜಯನಗರದ ನಲ್ಲಿಯಲ್ಲೇ ಮುಖ ತೊಳೆಯುತ್ತಿದ್ದರು, ವಿಜಯನಗರದ ಹಾಲಿನಲ್ಲೇ ಕಾಫಿ ಕುಡಿಯುತ್ತಿದ್ದರು. ಕುಡಿದು ಲೋಟ ಕೆಳಗಿಟ್ಟ ಮೇಲೆ ಶುರು: "ಮಾರೇನಹಳ್ಳಿ ಹೊಸಹಳ್ಳಿ ಹೊಲದ ಮೇಲೆ ಯಾರೋ ಬೋರ್ಡ್ ಬರೆಸಿ ನೆಟ್ಟುಬಿಟ್ರೆ ಊರಾಗ್ಬಿಡುತ್ತಾ ಅಳಿಯಂದ್ರೇ? ಊರು ಅಂದ್ಮೇಲೆ ಸುತ್ತ ಗಡಿ ಇರ್ಬೇಕು. ಇದರ ಗಡಿ ಎಲ್ಲಿದೆ, ತೋರಿಸಿ ನೋಡೋಣ!"

ನಾನೆಲ್ಲಿಂದ ತೋರಿಸಲಿ? ಓದಿದ್ದು ಎಸ್ಸೆಸ್ಸೆಲ್ಸಿ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕಬ್ಬಿಣದ ತುಂಡು ಕೊಟ್ಟರೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿದುಕೊಡಬಲ್ಲೆ. ಊರಿನ ಅಂಚು ಎಲ್ಲಿ ಮುಗಿಯುತ್ತದೆಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಅವರ ಜೊತೆ ಬಸ್ಸಿನಲ್ಲಿ ಬರುವುದೆಂದರೆ ನನಗೆ ಜ್ವರ ಬಂದಂತಾಗುತ್ತಿತ್ತು. ಕಂಡಕ್ಟರ್ ಬಂದು, "ಎಲ್ಲಿಗೆ ಯಜಮಾನ್ರೇ?" ಎನ್ನುತ್ತಿದ್ದ.

"ಮಾರೇನಹಳ್ಳಿಗೂ ಹೊಸಹಳ್ಳಿಗೂ ನಡುವಿನ ಗಡಿಗೆ ಒಂದು ಕೊಡಪ್ಪ."

"ಹಂಗೊಂದು ಸ್ಟಾಪ್ ಇಲ್ಲ."

"ಸ್ಟಾಪ್ ಇಲ್ದಿದ್ರೆ ಹೋಗ್ಲಿ, ಗಡಿ ಇದೆಯಲ್ಲ!"

"ವಿಜಯನಗರ ಅಂತ ಒಂದು ಮಾತು ಅನ್ನಿ, ಟಿಕೆಟ್ ಹರೀತೀನಿ."

"ಇಲ್ಲದ ಊರಿಗೆ ಟಿಕೆಟ್ ತಗೊಳಕ್ಕೆ ನಂಗೇನು ತಲೆ ಕೆಟ್ಟಿದೆಯಾ?"

ಕೊನೆಕೊನೆಗೆ ಆ ಕಂಡಕ್ಟರ್ ಇವರ ಮುಖ ಕಂಡೊಡನೆ ಬಾಯಿಮುಚ್ಚಿಕೊಂಡು ಟಿಕೆಟ್ ಹರಿದುಕೊಡುತ್ತಿದ್ದ. ನಮ್ಮ ಸ್ಟಾಪ್ ಬಂದಾಗ ಡ್ರೈವರ್ ಕಡೆ ತಿರುಗಿ, "ಗಡಿ ಬಂತು ಗುರು, ಹಾಕು ಬ್ರೇಕು!" ಎಂದು ಕೂಗುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಮಾವನವರು ಗಂಭೀರವಾಗಿ ಇಳಿಯುತ್ತಿದ್ದರು. ನಾನು? ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು, ಈ ಮುದುಕರು ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಕೂತಿರುತ್ತಿದ್ದೆ.

ಮದುವೆಗೆ ಮುಂಚೆಯೇ ನನಗೆ ಇದರ ವಾಸನೆ ಬಡಿಯಬೇಕಿತ್ತು. ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಏನು ಕೇಳುತ್ತಾರೆ? ಸಂಬಳ ಎಷ್ಟು, ಸ್ವಂತ ಮನೆ ಇದೆಯೇ, ಬೀಡಿ ಸೇದುತ್ತೀಯಾ ಎಂದು ತಾನೇ? ಇವರು ನನ್ನನ್ನೇ ದಿಟ್ಟಿಸಿ ನೋಡಿ, "ನಿಮ್ಮೂರ ಮೂಡಲ ದಿಕ್ಕಿಗೆ ಯಾವೂರ ಗಡಿ ಬರುತ್ತೆ?" ಎಂದರು.

"ಒಂದು ಹಳ್ಳ ಇದೆ ಸಾರ್. ಆಚೆ ದಡದಲ್ಲಿ ನಮ್ಮ ಸೋದರತ್ತೆ ಊರು."

"ಹಳ್ಳದ ನೀರು ಯಾರದ್ದು?"

"ಅದಕ್ಕೇ ಸಾರ್ ಜಗಳ. ಬಟ್ಟೆ ಒಗೆಯೋ ಕಲ್ಲು ನಮ್ದು ಅಂತಾಳೆ ಅತ್ತೆ. ನಮ್ಮಮ್ಮ ನಮ್ದು ಅಂತಾಳೆ. ಅವರಿಬ್ಬರೂ ಮಾತು ಬಿಟ್ಟು ಎಷ್ಟೋ ಕಾಲ ಆಯ್ತು."

ಮಾವನವರು ತೊಡೆ ತಟ್ಟಿ, "ಹುಡುಗನಿಗೆ ಊರು ಗೊತ್ತು! ಹೆಣ್ಣು ಕೊಡಬಹುದು!" ಎಂದುಬಿಟ್ಟರು. ಸಂಬಳದ ಮಾತೇ ಬರಲಿಲ್ಲ. ನಮ್ಮಮ್ಮನಿಗೆ ಗಾಬರಿ. ಇಷ್ಟು ಸಲೀಸಾಗಿ ಕೊಡುತ್ತಿದ್ದಾರಲ್ಲ, ಹುಡುಗಿಗೆ ಏನಾದರೂ ಐಬಿರಬಹುದೇ ಎಂದು ದಾರಿಯುದ್ದಕ್ಕೂ ಗೊಣಗಿದಳು. ಹುಡುಗಿಗೆ ಯಾವ ಐಬೂ ಇರಲಿಲ್ಲ. ಹುಡುಗಿಯ ಜೊತೆ ಅಪ್ಪ ಬರುತ್ತಾರೆಂಬುದು ಮಾತ್ರ ನಮಗೆ ಹೊಳೆದಿರಲಿಲ್ಲ. ಹುಡುಗಿಯ ತಾಯಿ ಆ ವೇಳೆಗೆ ತೀರಿಕೊಂಡಿದ್ದರು. ಮಾವನವರು ಗಿರಣಿಯಿಂದ ರಿಟೈರಾಗಿ ವರ್ಷಗಳಾಗಿದ್ದವು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಎಲ್ಲಿಗೆ ಹೋಗಬೇಕು ಅವರು? ನಮ್ಮ ಮನೆಗೆ ಬಂದರು. ಬಂದ ವಾರದಲ್ಲೇ ಹಿತ್ತಲು, ಅಂಗಳ ಎಲ್ಲ ಅಡ್ಡಾಡಿ, ನೆಲ ಮೂಸಿ, ಮಾರೇನಹಳ್ಳಿ ಹೊಸಹಳ್ಳಿಗಳ ಗಡಿ ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೇ ಹಾದುಹೋಗಿದೆ ಎಂದು ತೀರ್ಪು ಕೊಟ್ಟರು.

ಅಲ್ಲಿಂದ ಒಲೆ ಮಾರೇನಹಳ್ಳಿಯದು, ಊಟದ ಮಣೆ ಹೊಸಹಳ್ಳಿಯದು!

"ಅಪ್ಪಾ, ಸಾರಿಗೆ ಉಪ್ಪು ಸಾಕಾ?" ಎಂದು ಮಗಳು ಕೇಳಿದರೆ, "ಮಾರೇನಹಳ್ಳೀಲಿ ಸರಿಯಾಗೇ ಇತ್ತೇನೋ ಕಣಮ್ಮ, ಹೊಸಹಳ್ಳಿಗೆ ಬರೋಷ್ಟರಲ್ಲಿ ಕಮ್ಮಿಯಾಗಿದೆ" ಎನ್ನುತ್ತಿದ್ದರು. ಗಂಡಹೆಂಡಿರು ನಾವು ಒಳಗೆ ಜಗಳವಾಡಿದರೆ ಪಡಸಾಲೆಯಿಂದಲೇ ಧ್ವನಿ ಬರುತ್ತಿತ್ತು: "ನಾನು ಗಡಿ ದಾಟಿ ಬರಲ್ಲಪ್ಪ. ನಿಮ್ಮೂರ ಪಂಚಾಯ್ತಿ ನೀವೇ ಮಾಡ್ಕೊಳ್ಳಿ!"

ನಾನು ಇದನ್ನೆಲ್ಲ ಕಾರ್ಖಾನೆಯಲ್ಲಿ ಹೇಳಿ ನಗಿಸುತ್ತಿದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಸಾಕು, ಗೆಳೆಯರು ಸುತ್ತ ಸೇರಿ, "ಏನ್ ಮಗಾ, ಗಡೀಲಿ ಗುಂಡಿನ ಸದ್ದು ಜೋರಾ?" ಎನ್ನುತ್ತಿದ್ದರು. ನಾನು ಮಾವನವರ ಧ್ವನಿಯಲ್ಲೇ ಅನುಕರಣೆ ಮಾಡುತ್ತಿದ್ದೆ. ಬಹಳ ಚೆನ್ನಾಗಿ ಮಾಡುತ್ತಿದ್ದೆ. ಈಗ ಅವರ ವಯಸ್ಸಿಗೆ ಬಂದಿದ್ದೇನೆ. ಅನುಕರಣೆ ಮಾಡದೆಯೇ ನನ್ನ ಗಂಟಲಲ್ಲಿ ಅವರ ಧ್ವನಿ ಬರುತ್ತದೆ.

ಈ ಗಡಿಯ ಹುಚ್ಚು ಎಲ್ಲಿಂದ ಬಂತು? ಒಂದು ಭಾನುವಾರ ಮಲ್ಲತ್ತಹಳ್ಳಿ ಕೆರೆಯ ಏರಿಯ ಮೇಲೆ ಕೂತು ಅವರೇ ಹೇಳಿದರು.

ಅವರು ಹುಟ್ಟಿದ್ದು ಮಲ್ಲತ್ತಹಳ್ಳಿಯಲ್ಲಿ. ಇನ್ನೂ ತೊಟ್ಟಿಲಲ್ಲಿದ್ದಾಗ ಊರಿಗೆ ಪ್ಲೇಗು ಬಂತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತು. ಆ ಗುಡಿಸಲಲ್ಲಿ ಇವರ ತಾಯಿ ತೀರಿಕೊಂಡಳು. ಹೆಣವನ್ನು ಎಲ್ಲಿ ಮಣ್ಣು ಮಾಡುವುದು? ಊರ ಸುಡುಗಾಡಿಗೆ ಹೋಗಬೇಕಾದರೆ ಊರ ನಡುವೆ ಹಾಯಬೇಕು. ಪ್ಲೇಗಿನ ಹೆಣವನ್ನು ಊರೊಳಗೆ ತರಕೂಡದು ಎಂದರು ಹಿರಿಯರು. ಪಕ್ಕದೂರಿನ ಕಡೆ ಹೊರಟರೆ ಅವರು ದೊಣ್ಣೆ ಹಿಡಿದು ನಿಂತಿದ್ದರು, ನಮ್ಮ ಎಲ್ಲೆಯೊಳಗೆ ಕಾಲಿಟ್ಟರೆ ನೋಡಿ ಎಂದು. ಕೊನೆಗೆ ಆ ಊರಿಗೂ ಸೇರದ, ಈ ಊರಿಗೂ ಸೇರದ, ಎರಡರ ನಡುವಿನ ಗಡಿಯ ಬದುವಿನಲ್ಲೇ ಗುಂಡಿ ತೋಡಿದರು. ಇವರ ತಂದೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಪೇಟೆಗೆ ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆ ಮಾತನ್ನೂ ಎತ್ತಲಿಲ್ಲ. ಸಾಯುವ ಮುಂಚೆ ಇಷ್ಟೆಲ್ಲ ಹೇಳಿ, "ನಿಮ್ಮವ್ವನ್ನ ಗಡೀಲಿಟ್ಟು ಬಂದ್ಬಿಟ್ಟೆ ಕಣೋ" ಎಂದರಂತೆ. ಯಾವ ಗಡಿ ಎಂದು ಮಗ ಕೇಳುವಷ್ಟರಲ್ಲಿ ಮಾತು ನಿಂತುಹೋಯಿತು.

"ಮಲ್ಲತ್ತಹಳ್ಳಿಗೆ ಸುತ್ತ ಐದೂರಿನ ಗಡಿ ಬರುತ್ತೆ ಅಳಿಯಂದ್ರೇ," ಎಂದರು ಮಾವನವರು. "ಒಂದೊಂದು ಗಡೀನೂ ಎಷ್ಟು ಉದ್ದ ಅಂತೀರಿ! ನನಗೆ ಎಪ್ಪತ್ತು ದಾಟ್ತು. ನಮ್ಮವ್ವನ ವಯಸ್ಸು ಇಪ್ಪತ್ತಕ್ಕೆ ನಿಂತೋಯ್ತು. ವರ್ಷಕ್ಕೊಂದ್ಸಲ ಹೋಗಿ ಒಂದು ಎಡೆ ಇಟ್ಟು ಬರೋಣ ಅಂದ್ರೆ, ಎಲ್ಲಿ ಅಂತ ಇಡ್ಲಿ?"

ನಾನು ಏನು ಮಾಡಿದೆ? ಸೈಕಲ್ಲಿನ ಚೈನು ಸರಿಮಾಡುತ್ತಾ ಕೂತೆ.

ಗಿರಣಿಯಲ್ಲಿದ್ದಾಗ ಅವರಿಗೆ ಪುರುಸೊತ್ತು ಸಿಗಲಿಲ್ಲ. ರಿಟೈರಾದ ಮೇಲೆ ಹುಡುಕಲು ಶುರುಮಾಡಿದರು. ಶುರುಮಾಡಿದ್ದು ಒಂದೂರಿನ ಗಡಿ, ಹಬ್ಬಿದ್ದು ಕಂಡಕಂಡ ಊರಿಗೆಲ್ಲ! ಮದುವೆಮನೆಗೆ ಹೋದರೆ ಊಟದ ಪಂಕ್ತಿಯಲ್ಲೇ ವಿಚಾರಣೆ: "ಯಾವೂರಾಯ್ತು ತಮ್ದು?" ಆ ಪುಣ್ಯಾತ್ಮ ಸುಮ್ಮನೆ "ಕೆಂಗೇರಿ" ಎಂದರೆ ಬಿಡುತ್ತಿರಲಿಲ್ಲ. "ಕೆಂಗೇರಿ ಅಂದ್ರೆ ಪೇಟೆನಾ? ಸುತ್ತಲ ಹಳ್ಳಿಯವರೆಲ್ಲ ಕೆಂಗೇರಿ ಅಂತಾನೇ ಹೇಳ್ಕೊಳ್ಳೋದು. ಅಜ್ಜ ಉತ್ತ ಹೊಲ ಯಾವೂರ ಎಲ್ಲೇಲಿತ್ತು, ಅದನ್ನ ಹೇಳಿ." ಹೀಗೆ ಕೆದಕಿ ಕೆದಕಿ, ಒಂದು ಮದುವೆಯಲ್ಲಿ ಗಂಡಿನ ಕಡೆಯವರದೂ ಹೆಣ್ಣಿನ ಕಡೆಯವರದೂ ಅಕ್ಕಪಕ್ಕದ ಊರು ಎಂದು ಕಂಡುಹಿಡಿದರು. ಸಂತೋಷದ ಸಂಗತಿ ತಾನೇ? ಅಷ್ಟೇ ಆಗಿದ್ದರೆ! ಎರಡೂ ಕಡೆಯ ಮುದುಕರಿಗೆ ತಟ್ಟನೆ ನೆನಪಾಯಿತು, ಗಡಿಯ ಗೋಮಾಳದಲ್ಲಿ ದನ ಕಟ್ಟಿಹಾಕಿಕೊಂಡ ಹಳೇ ವ್ಯಾಜ್ಯ. ಪಾಯಸ ಬರುವ ಹೊತ್ತಿಗೆ ಎಲ್ಲರೂ ಎದ್ದು ನಿಂತಿದ್ದರು. ಧಾರೆ ಮೊದಲೇ ಮುಗಿದಿತ್ತು, ಅದೊಂದು ಪುಣ್ಯ.

ಕಚೇರಿಗಳಿಗೂ ಅಲೆದರು. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿದ್ದ ಗುಮಾಸ್ತ ಪಾಪ ಒಳ್ಳೆಯವನೇ. ದೊಡ್ಡ ನಕ್ಷೆಯೊಂದನ್ನು ಮೇಜಿನ ಮೇಲೆ ಹಾಸಿ, "ನೋಡಿ ಯಜಮಾನ್ರೇ, ಈ ಗೆರೇನೇ ಗಡಿ" ಎಂದು ಬೆರಳಿಟ್ಟು ತೋರಿಸಿದ.

ಮಾವನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಅಗಲ ಎಷ್ಟು?"

"ಯಾವುದರ ಅಗಲ?"

"ಗಡೀದು."

"ಗೆರೆಗೆ ಅಗಲ ಎಲ್ಲಿಂದ ಬರುತ್ತೆ ಸ್ವಾಮಿ?"

"ಅಗಲ ಇಲ್ದೆ ಅದರಲ್ಲಿ ಒಂದು ಹೆಣ ಹೂಳಕ್ಕೆ ಹೇಗಾಗುತ್ತೆ? ನೀವೇ ಹೇಳಿ."

ಗುಮಾಸ್ತ ನಕ್ಷೆಯನ್ನು ಸುತ್ತಿಟ್ಟು, ಕಾಫಿಗೆ ಹೊತ್ತಾಯಿತು ಎಂದು ಎದ್ದುಹೋದ. ನಾನು ಇದನ್ನೂ ಕಾರ್ಖಾನೆಯಲ್ಲಿ ಹೇಳಿದೆ. ಇದಕ್ಕೂ ನಕ್ಕರು.

ಮಾವನವರಿಗೆ ನಕ್ಷೆಯಲ್ಲಿ ನಂಬಿಕೆ ಇಲ್ಲ, ಗಡಿಕಲ್ಲಿನಲ್ಲೂ ಇಲ್ಲ. ಕಲ್ಲನ್ನು ಯಾರು ಬೇಕಾದರೂ ಕಿತ್ತು ನೆಡಬಹುದು. ಅವರಿಗೆ ನಂಬಿಕೆ ಇದ್ದದ್ದು ಮಾರಿಯ ಮೇಲೆ. ಹಿಂದೆ ಊರಲ್ಲಿ ಬೇನೆ ಬಂದರೆ ಮೊರದಲ್ಲಿ ಬೇವಿನಸೊಪ್ಪು, ಅರಿಶಿನ ಕುಂಕುಮ, ಬಳೆ ಎಲ್ಲ ಇಟ್ಟು ಮಾರಿಯನ್ನು ಊರಾಚೆ ಸಾಗಹಾಕುತ್ತಿದ್ದರು. ಗಡಿಯ ಆಚೆಗೆ ಇಟ್ಟು ತಿರುಗಿ ನೋಡದೆ ಬರಬೇಕು. ಬೆಳಿಗ್ಗೆ ಪಕ್ಕದೂರಿನವರು ನೋಡಿ, ಬೈದುಕೊಂಡು, ಅದನ್ನು ತಮ್ಮ ಇನ್ನೊಂದು ಗಡಿಗೆ ಹೊತ್ತುಕೊಂಡು ಹೋಗುತ್ತಿದ್ದರು. "ಇದಕ್ಕಿಂತ ಸಾಕ್ಷಿ ಬೇಕಾ ಅಳಿಯಂದ್ರೇ? ಪ್ರಾಣಭಯ ಇರೋನು ಗಡಿ ವಿಷಯದಲ್ಲಿ ತಪ್ಪು ಮಾಡಲ್ಲ" ಎನ್ನುತ್ತಿದ್ದರು. ಆದ್ದರಿಂದ ಭಾನುವಾರ ಭಾನುವಾರ ನಾನು ಸೈಕಲ್ ತುಳಿಯುವುದು, ಅವರು ಕ್ಯಾರಿಯರ್ ಮೇಲೆ ಕೊಡೆ ಹಿಡಿದು ಕೂರುವುದು, ಹಳ್ಳಿ ಹಳ್ಳಿಗೆ ಹೋಗಿ ಮುದುಕಿಯರನ್ನು ಮಾರಿಯ ವಿಷಯ ಕೇಳುವುದು!

ನಾಗರಭಾವಿಯ ಬಾವಿಯ ಹತ್ತಿರ ಒಬ್ಬ ಹೆಂಗಸು ನೀರು ಸೇದುತ್ತಿದ್ದಳು. ಇವರು ಸೈಕಲ್ಲಿಂದ ಇಳಿದು, ಕೈ ಮುಗಿದು, "ತಾಯೀ, ನಿಮ್ಮೂರ ಮಾರೀನ ಎಲ್ಲಿ ಬಿಡ್ತಿದ್ರಿ?" ಎಂದರು.

ಅವಳು ಹಗ್ಗ ಹಿಡಿದೇ ಇವರನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕೆ, ನಿಮ್ಮನೆಗೆ ಬೇಕಿತ್ತಾ?"

"ಹಾಗಲ್ಲವ್ವ..."

"ಈ ಹುಡುಗನ ಸೈಕಲ್ ಮೇಲೆ ಜಾಗ ಐತಲ್ಲ, ಕೂರ್ಸಿ ಕಳಿಸ್ಲಾ?"

ನಾನು ಅವತ್ತು ಮನೆ ತಲುಪುವವರೆಗೂ ಒಂದೇ ಉಸಿರಿನಲ್ಲಿ ತುಳಿದೆ. ಯಾಕೋ ಕ್ಯಾರಿಯರ್ ಎಂದಿಗಿಂತ ಭಾರವಾಗಿತ್ತು!

ಇನ್ನೊಮ್ಮೆ ಜ್ಞಾನಭಾರತಿ ಕಡೆ ಹೋದೆವು. ಯೂನಿವರ್ಸಿಟಿ ಆಗಿನ್ನೂ ಹೊಸದು. ಅಲ್ಲೊಂದು ಇಲ್ಲೊಂದು ಕಟ್ಟಡ, ಉಳಿದದ್ದು ಬಯಲು. ನಾಲ್ಕಾರು ಹುಡುಗರು ಬಂಡೆಯ ಮೇಲೆ ಕೂತು ಹರಟುತ್ತಿದ್ದರು. ಒಬ್ಬ, "ಏನ್ ತಾತ, ಅಡ್ಮಿಷನ್ ಆಯ್ತಾ?" ಎಂದ.

"ನನಗಿರ್ಲಿ, ನೀನು ಕೂತಿರೋ ಊರು ಯಾವುದು ಗೊತ್ತೇನೋ? ಅದು ನಾಗರಭಾವಿ. ಒಂದು ಹೆಜ್ಜೆ ಈ ಕಡೆ ಬಾ. ಹಾಂ, ಈಗ ಮಲ್ಲತ್ತಹಳ್ಳಿ."

ಹುಡುಗನಿಗೆ ಖುಷಿಯಾಯಿತು. ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಹಾರುತ್ತಾ, "ನಾಗರಭಾವಿ! ಮಲ್ಲತ್ತಹಳ್ಳಿ! ನೋಡ್ರೋ ಮಗಾ, ಬಸ್ಸಿಲ್ದೆ ಊರೂರು ಸುತ್ತುತಾ ಇದೀನಿ!" ಎಂದು ಕುಣಿದ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವನವರೇ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ವಾಪಸ್ಸು ಬರುವಾಗ ಹಿಂದಿನಿಂದ ಮೆಲ್ಲಗೆ ಕೇಳಿದರು: "ಅಳಿಯಂದ್ರೇ, ಆ ಹುಡುಗ ಕುಣಿದನಲ್ಲ, ಅಲ್ಲೇ ಇದ್ದುಬಿಟ್ಟಿದ್ರೆ?"

ಇಷ್ಟರ ಮೇಲೂ ನನಗೆ ಬುದ್ಧಿ ಬರಲಿಲ್ಲ. ಬರಬೇಕಾದದ್ದು ಬರದೆ ಸಿಟ್ಟು ಬಂತು. ವಾರವಿಡೀ ಕಾರ್ಖಾನೆಯಲ್ಲಿ ನಿಂತು ಕಾಲು ಬಾತುಕೊಂಡಿರುತ್ತಿತ್ತು. ಭಾನುವಾರ ಎರಡು ದೇಹದ ಭಾರ ತುಳಿಯಬೇಕು. ಹೆಂಡತಿ ಬಸುರಿ. ಅವಳ ಜೊತೆ ಅರ್ಧ ಗಂಟೆ ಕೂರಲು ಸಮಯವಿಲ್ಲ. ಗೆಳೆಯರು ಸಿನಿಮಾಕ್ಕೆ ಕರೆದರೆ ಹೋಗುವಂತಿಲ್ಲ. ಎಂದೋ ಸತ್ತ ಹೆಂಗಸಿಗಾಗಿ ಬದುಕಿರುವ ನಾನು ಯಾಕೆ ಸಾಯಬೇಕು ಎಂದು ಮನಸ್ಸಿನಲ್ಲೇ ಕುದಿಯುತ್ತಿದ್ದೆ. ಒಂದು ಶನಿವಾರ ಸಂಜೆ ಮನೆಗೆ ಬಂದವನೇ ಬೂಟು ಬಿಚ್ಚುತ್ತಾ ಹೇಳಿಬಿಟ್ಟೆ.

"ಮಾವ, ಸಿಕ್ತು."

"ಏನು?"

"ಜಾಗ. ಕೆಲಸ ಬಿಟ್ಟ ಮೇಲೆ ಆ ಕಡೆ ಹೋಗಿದ್ದೆ. ನಾಗರಭಾವಿ ಗಡೀಲಿ ಒಂದು ದೊಡ್ಡ ಹೊಂಗೇಮರ ಇದೆಯಲ್ಲ, ಅದರ ಪಕ್ಕದ ಬದು. ಪ್ಲೇಗಿನಲ್ಲಿ ಹೋದವರನ್ನ ಅಲ್ಲೇ ಇಟ್ಟಿದ್ದು ಅಂತ ಒಂದು ಅಜ್ಜಿ ಹೇಳ್ತು."

ಅಜ್ಜಿಯೂ ಇರಲಿಲ್ಲ, ಆ ಕಡೆ ನಾನು ಹೋಗಿಯೂ ಇರಲಿಲ್ಲ. ಮರವೊಂದು ನಿಜ. ಒಂದು ಭಾನುವಾರ ಅದರ ನೆರಳಲ್ಲಿ ಪಂಕ್ಚರ್ ಹಾಕಿಸಿಕೊಳ್ಳಲಾರದೆ ಕೂತಿದ್ದೆವು, ಅದು ನೆನಪಿತ್ತು.

ಅಡ್ಡಪ್ರಶ್ನೆಗಳಿಗೆಲ್ಲ ಉತ್ತರ ತಯಾರು ಮಾಡಿಕೊಂಡಿದ್ದೆ. ಅಜ್ಜಿಯ ಹೆಸರು, ಮನೆ, ಅವಳಿಗೆ ಯಾರು ಹೇಳಿದರು ಎಂಬುದು, ಎಲ್ಲ. ಕಂಡಕ್ಟರನ್ನೇ ಬಿಡದ ಮನುಷ್ಯ ನನ್ನನ್ನು ಬಿಡುತ್ತಾರೆಯೇ? ಆದರೆ ಮಾವನವರು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನನ್ನ ಮುಖ ನೋಡಿದರು, ನನ್ನ ಪಾದ ನೋಡಿದರು. "ಕಾಲು ಬಾತಿದೆಯಲ್ಲ ಅಳಿಯಂದ್ರೇ, ಬಿಸಿನೀರಲ್ಲಿಡಿ" ಎಂದರು. ಸಂತೋಷಕ್ಕೆ ಬೇರೆ ಮಾತು ಬರುತ್ತಿಲ್ಲ ಎಂದುಕೊಂಡೆ.

ಪಿತೃಪಕ್ಷದ ಅಮಾವಾಸ್ಯೆ ಬಂತು. ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಬೇಕಲ್ಲ? ಒಲೆಯ ಮುಂದೆ ಕೂತು ನನ್ನವಳು ಕೇಳಿದಳು: "ಅಜ್ಜಿಗೆ ಏನಿಷ್ಟ ಅಪ್ಪಾ?"

ಮಾವನವರು ಹೊಸ್ತಿಲ ಹತ್ತಿರ ನಿಂತಿದ್ದರು. "ಗೊತ್ತಿಲ್ಲ ಕಣಮ್ಮ." ಮಗಳ ಕಡೆ ನೋಡಿ, "ಅವಳು ನಿನಗಿಂತ ಚಿಕ್ಕವಳು. ನಿನ್ನ ಬಾಯಿಗೆ ಈಗ ಏನು ಬೇಕು ಅನ್ಸುತ್ತೋ ಅದನ್ನೇ ಮಾಡು" ಎಂದರು.

ಬಸುರಿ ಹೆಂಗಸಿನ ಬಾಯಿಗೆ ಏನು ಬೇಕು? ಹುಳಿ! ಹುಣಸೆಹಣ್ಣಿನ ಗೊಜ್ಜು, ನೆಲ್ಲಿಕಾಯಿ ಉಪ್ಪಿನಕಾಯಿ, ನಿಂಬೆಹುಳಿ ಚಿತ್ರಾನ್ನ, ಕೊಬ್ಬರಿಮಿಠಾಯಿ. ಅಂಥ ಎಡೆಯನ್ನು ಪ್ರಪಂಚದಲ್ಲಿ ಯಾವ ಹಿರಿಯರಿಗೂ ಯಾರೂ ಇಟ್ಟಿರಲಿಕ್ಕಿಲ್ಲ. ಹಸಿರು ಬಳೆ, ಒಂದು ಹೊಸ ಸೀರೆ, ಹೂವು ತೆಗೆದುಕೊಂಡು ನಾವಿಬ್ಬರೇ ಹೋದೆವು. ಬದುವಿನ ಮೇಲೆ ಎಲೆ ಹಾಸಿ, ಎಲ್ಲ ಬಡಿಸಿ, ಕರ್ಪೂರ ಹಚ್ಚಿ, ಮಾವನವರು ಬಗ್ಗಿ ನೆಲಕ್ಕೆ ಹಣೆ ಹಚ್ಚಿದರು. "ಅವ್ವಾ" ಎಂದರು.

ಎಪ್ಪತ್ತು ದಾಟಿದ ಗಂಡಸಿನ ಧ್ವನಿ ಅಷ್ಟು ಚಿಕ್ಕದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ನಾನು ಮುಖ ತಿರುಗಿಸಿ ಹೊಂಗೆಯ ಎಲೆ ನೋಡುತ್ತಾ ನಿಂತೆ. ಸುಳ್ಳು ಮಾವ, ಸುಳ್ಳು ಹೇಳಿದೆ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಮತ್ತೆ ಮುಂದಿನ ಭಾನುವಾರದ ಸೈಕಲ್ ನೆನಪಾಯಿತು. ನುಂಗಿಕೊಂಡೆ.

ಅಲ್ಲಿಂದ ನನಗೆ ಭಾನುವಾರ ಸಿಕ್ಕಿತು. ಮಗ ಹುಟ್ಟಿದ. ಮಾವನವರು ಎಲ್ಲರ ಮನೆಯ ಅಜ್ಜಂದಿರಂತಾದರು. ಪಡಸಾಲೆಯಲ್ಲಿ ಕೂತು ಅವರೇಕಾಯಿ ಸುಲಿಯುವುದು, ಮೊಮ್ಮಗನ ತೊಟ್ಟಿಲು ತೂಗುವುದು. ಯಾರನ್ನೂ ಯಾವೂರು ಎಂದು ಕೇಳುತ್ತಿರಲಿಲ್ಲ. ಒಂದು ದಿನ ಬಸ್ಸಿನಲ್ಲಿ ಅದೇ ಕಂಡಕ್ಟರ್ ಬಂದು ನಗುತ್ತಾ ನಿಂತ. ಇವರು ಮೆಲ್ಲಗೆ, "ವಿಜಯನಗರ ಒಂದು" ಎಂದರು. ಅವನ ಮುಖ ಸಣ್ಣದಾಯಿತು. ಹಿಂದೆ ಬಂದು ನನ್ನ ಕಿವಿಯಲ್ಲಿ ಕೇಳಿದ: "ಯಜಮಾನ್ರಿಗೆ ಮೈಯಲ್ಲಿ ಹುಷಾರಿಲ್ವಾ ಸಾರ್?"

ಪ್ರತಿವರ್ಷ ಹೊಂಗೇಮರದ ಹತ್ತಿರ ಎಡೆ ಇಡುವುದನ್ನು ಮಾತ್ರ ತಪ್ಪಿಸಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಒಂದು ಜ್ವರದಲ್ಲಿ ಹಾಸಿಗೆ ಹಿಡಿದರು. ಇನ್ನು ಏಳುವುದಿಲ್ಲ ಎಂದು ಅವರಿಗೂ ತಿಳಿದಿತ್ತು, ನಮಗೂ ತಿಳಿದಿತ್ತು. ಅವತ್ತು ಧೈರ್ಯ ಮಾಡಿ, ಪಕ್ಕದಲ್ಲಿ ಕೂತು, "ಮಾವ, ಆ 'ಹೊಂಗೇಮರದ ಜಾಗ' ಇದೆಯಲ್ಲ..." ಎಂದು ಶುರುಮಾಡಿದೆ.

ಅವರು ನನ್ನ ಕೈ ಮೇಲೆ ಕೈ ಇಟ್ಟರು. "ಒಳ್ಳೇ ಜಾಗ ಅಳಿಯಂದ್ರೇ. ನೆರಳು ಚೆನ್ನಾಗಿದೆ" ಎಂದರು. ಎಂದು ಕಣ್ಣು ಮುಚ್ಚಿಕೊಂಡು ಮಲಗಿದರು. ನನ್ನ ಮಾತು ಅಲ್ಲಿಗೇ ಉಳಿಯಿತು.

ಅವರು ತೀರಿಕೊಂಡು ಕೆಲವು ತಿಂಗಳಾಗಿತ್ತು. ನನಗೆ ರಜೆಯ ದಿನ. ನಮ್ಮ ಬೀದಿಗೆ ಹೊಸದಾಗಿ ಒಬ್ಬ ಸೊಪ್ಪಿನವಳು ಬಂದಳು. ನಡುವಯಸ್ಸಿನ ಹೆಂಗಸು, ಮಲ್ಲತ್ತಹಳ್ಳಿಯ ಪಕ್ಕದ ಉಳ್ಳಾಲು ಕಡೆಯವಳು. ಬುಟ್ಟಿ ಇಳಿಸಿ ಬಾಗಿಲಲ್ಲಿ ಕೂತು ನನ್ನವಳಿಗೆ ದಂಟಿನಸೊಪ್ಪು ತೆಗೆದುಕೊಡುತ್ತಿದ್ದವಳು ಗೋಡೆಯ ಕಡೆ ನೋಡಿ ಕೈ ನಿಲ್ಲಿಸಿದಳು. ಅಲ್ಲಿ ಮಾವನವರ ಫೋಟೋ, ಅದಕ್ಕೆ ಹಾರ.

"ಅಯ್ಯೋ! ತಾತ ಹೋಗ್ಬುಟ್ರಾ? ಅದುಕ್ಕೇ ಬರ್ಲಿಲ್ವಾ?"

"ನಿಮಗೆ ಅಪ್ಪ ಗೊತ್ತಾ?" ಎಂದಳು ನನ್ನವಳು.

"ಗೊತ್ತಿಲ್ದೆ ಏನವ್ವಾ! ವಾರುಕ್ಕೊಂದಪ ನಮ್ಮೂರ್ ಗಡೀಗೆ ನಡ್ಕೊಂಡೇ ಬತ್ತಿದ್ರು. ಮೊದ್ಲು ಏನೋ ಹುಡುಕ್ತಾ ಅಲೀತಿದ್ರು. ಆಮ್ಯಾಕೆ ನಮ್ಮತ್ತೆ ಕರ್ಕಂಡೋಗಿ ತೋರ್ಸುದ್ಲು, ಮಲ್ಲತ್ತಳ್ಳಿಯೋರು ಪಿಳೇಗ್ನಾಗೆ ಹೆಣ ಇಟ್ಟಿದ್ ಬದ ಇದೇಯ ಅಂತ. ನಮ್ಮತ್ತೆಯವರ ಅಪ್ಪ ದೊಣ್ಣೆ ಹಿಡ್ದು ನಿಂತಿದ್ನಂತೆ ಆವತ್ತು. ಅದ ಕೇಳಿ ತಾತ ಅಲ್ಲೇ ಕೂತ್ಬುಟ್ರು. ಅವತ್ತಿಂದ ಬರೋದು, ಬದದ ಮ್ಯಾಲೆ ಕೂತು ಮಾತಾಡೋದು. ಯಾರ್ ಜೊತೆ ಮಾತಾಡ್ತೀ ತಾತ ಅಂದ್ರೆ, ನಮ್ಮವ್ವನ ಜೊತೆ ಕಣವ್ವಾ ಅನ್ನೋರು."

ವಾರದ ನಡುವೆ ಹಳೇ ಗಿರಣಿ ಗೆಳೆಯರನ್ನು ನೋಡಲು ಹೋಗುತ್ತಾರೆಂದು ನಾವು ತಿಳಿದಿದ್ದೆವು. ನಾನು ಸೈಕಲ್ಲಿನಲ್ಲಿ ಕರೆದೊಯ್ಯಲು ಬೇಸರಪಟ್ಟ ದೂರವನ್ನು ಆ ವಯಸ್ಸಿನಲ್ಲಿ ಅವರು ನಡೆದಿದ್ದರು.

ನನ್ನವಳು ಸೊಪ್ಪು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಹಾಗಾದ್ರೆ ಹೊಂಗೇಮರ?" ಎಂದಳು. ಇನ್ನೇನು ಮುಚ್ಚಿಡುವುದು? ಆ ಹೆಂಗಸಿನ ಎದುರಿಗೇ ಹೇಳಿದೆ, ಅಜ್ಜಿ ಇರಲಿಲ್ಲ, ನಾನೇ ಕಟ್ಟಿ ಹೇಳಿದ್ದು ಎಂದು. ನನ್ನವಳು ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಆ ಜಾಗ ತೋರಿಸ್ತೀಯಾ ತಾಯಿ? ಈಗಲೇ ಬರ್ತೀನಿ" ಎಂದೆ.

"ಎಲ್ಲಿ ಅಂತ ತೋರ್ಸ್ಲಪ್ಪಾ? ಇಟ್ಟಿಗೆ ಗೂಡ್ನೋರು ಮಣ್ಣು ತಗುದ್ಬುಟ್ರಲ್ಲ. ತಾತ ಇದ್ದಾಗ ಹೋಗಿ ಅಡ್ಡ ಕೂತ್ಕಂಬುಡೋರು, ಗುದ್ದಲಿ ಹಾಕಕ್ಕೆ ಬಿಡ್ತಿರ್ಲಿಲ್ಲ. ಬರೋದು ನಿಂತ್ಮ್ಯಾಲೆ ತಗುದ್ರು. ಈಗ ಬರೀ ಹಳ್ಳ."

ನಮಗೊಂದು ಮಾತು ತಿಳಿದಿದ್ದರೆ ಅವರು ಹೋದ ಮೇಲೆ ನಾನು ಹೋಗಿ ಅಲ್ಲಿ ಅಡ್ಡ ಕೂರುತ್ತಿದ್ದೆ. ತಿಳಿಸಿದ್ದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಮಗಳ ಮುಂದೆ ಅಳಿಯನ ಮುಖ ಉಳಿಯಲೆಂದು, ಎಪ್ಪತ್ತು ದಾಟಿದ ಮೇಲೆ ಹುಡುಕಿ ಪಡೆದ ತಾಯಿಯ ಜಾಗವನ್ನು ಆ ಮನುಷ್ಯ ಬಾಯಿಬಿಡದೆ ತಮ್ಮ ಜೊತೆಗೇ ಒಯ್ದುಬಿಟ್ಟರು. ಆ ಮಣ್ಣಿನ ಇಟ್ಟಿಗೆ ಈಗ ಯಾವ ಬಡಾವಣೆಯ ಯಾರ ಮನೆಯ ಗೋಡೆಯಲ್ಲಿದೆಯೋ!

ಸೊಪ್ಪಿನವಳು ಬುಟ್ಟಿ ಎತ್ತಿಕೊಳ್ಳುತ್ತಿದ್ದಳು. ತಡೆಯಲಾರದೆ ಕೇಳಿಯೇಬಿಟ್ಟೆ: "ಅಳಿಯ ಮೋಸ ಮಾಡ್ದ ಅಂತ ಏನಾದ್ರೂ ಅಂದಿದ್ರಾ?"

"ಇಲ್ಲಪ್ಪಾ. ಅಮಾಸೆ ದಿನ ಇಲ್ಲಿ ಬರಲ್ಲ ಕಣವ್ವಾ, ನಮ್ಮ ಅಳಿಯಂದ್ರು ಹುಡುಕ್ಕೊಟ್ಟ ಜಾಗಕ್ಕೆ ಹೋಗ್ಬೇಕು ಅನ್ನೋರು. ನಾನೇ ಕೇಳ್ದೆ, ನಿಮ್ಮವ್ವ ಇಲ್ಲಿದ್ಮ್ಯಾಲೆ ಅಲ್ಲಿ ಯಾಕೆ ಎಡೆ ಇಡ್ತೀ ತಾತ ಅಂತ. ಅದುಕ್ಕೆ ನಗಾಡ್ಕಂಡು ಹೇಳುದ್ರು: 'ಅಲ್ಲಿ ಯಾರ ಅವ್ವ ಮಲಗವ್ಳೋ ಏನೋ ಪಾಪ. ಮೊದಲ್ನೇ ಸಲ ಹೋಗಿ ಅವ್ವಾ ಅಂತ ಕರೆದ್ಬಿಟ್ಟಿದೀನಿ. ಮಗ ಬಂದ ಅಂದ್ಕೊಂಡಿರ್ತಾಳೆ. ಇನ್ಮೇಲೆ ಹೋಗ್ದೆ ಇರೋಕಾಗುತ್ತಾ?'"